ಒಂಬತ್ತನೆಯ ಪೆನ್ನಿನ ಮುಚ್ಚಳ

“ರಾವಸಾಹೇಬ ಅಂದ್ರ ನೀವೇನ್ರಿ?”

ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಹುಕ್ಕೇರಿಯ ಮನೆಯ ಪಡಸಾಲೆಯಲ್ಲಿ ಕುಳಿತು ಫೋನು ಎತ್ತಿದ ರಾವಸಾಹೇಬರಿಗೆ ಆ ಹೆಂಗಸಿನ ದನಿಯ ಗುರುತು ಹತ್ತಲಿಲ್ಲ.

“ಹೌದವ್ವಾ. ಯಾರು ಮಾತಾಡೂದು?”

“ನಾ ದಡ್ಡಿ ಊರಿನ ಶೆಟ್ಟೆವ್ವ ರಿ. ಅರಿವಿ ಒಗ್ಯಾಕ ಹೊಳಿಗೆ ಬಂದಿದ್ದೆ. ಇಲ್ಲಿ ದಂಡಿ ಮ್ಯಾಲಿನ ಕಟ್ಟಿಗೆ ಒಬ್ಬ ಹಿರಿಯಾರು ಕುಂತಾರ. ಮಾತಾಡಿಸಿದ್ರ ಮಾತಾಡವಲ್ರು. ಕಿಸೆದಾಗಿನ ಚೀಟಿಯೊಳಗ ನಿಮ್ಮ ಹೆಸರು, ನಂಬರ ಐತಿ ಅಂತ ನಮ್ಮ ಸೊಸಿ ಓದಿ ಹೇಳಿದ್ಲು.”

“ನೋಡಾಕ ಹೆಂಗ ಅದಾರ?”

“ಕೆಂಪು ರುಮಾಲು. ಹಣಿ ತುಂಬ ಅರಿಷಿಣದ ಭಂಡಾರ. ಮಾರಿ ಮ್ಯಾಲ ನಗಿ ಐತ್ರಿ. ಅದಕ್ಕ ನಾ ಮೊದಲ ಜೀವ ಐತಿ ಅಂತ ತಿಳಕೊಂಡೆ.”

ರಾವಸಾಹೇಬರು ಎದ್ದು ನಿಂತರು. ಆ ಕೆಂಪು ರುಮಾಲನ್ನು ಅವರು ಐವತ್ತು ವರ್ಷಗಳಿಂದ ಬಲ್ಲರು.

ಹತ್ತರಗಿಯ ಹೆದ್ದಾರಿಯ ಬಳಿ ಬಸ್ಸಿನಿಂದ ಇಳಿದು, ಸಿಕ್ಕ ಗಾಡಿ ಹತ್ತಿ ದಡ್ಡಿ ಮುಟ್ಟುವಷ್ಟರಲ್ಲಿ ಸರಕಾರಿ ವೈದ್ಯರು ಬಂದು ನೋಡಿಯಾಗಿತ್ತು. ಮೈಮೇಲೆ ಗಾಯವಿಲ್ಲ, ಬಾಯಲ್ಲಿ ನೊರೆಯಿಲ್ಲ. ಹೃದಯ ನಿಂತುಹೋಗಿದೆ ಎಂದರು. ಘಟಪ್ರಭೆಯ ನೀರು ಕಟ್ಟೆಯ ಕೆಳಗೆ ಸದ್ದಿಲ್ಲದೆ ಹರಿಯುತ್ತಿತ್ತು. ಗೆಳೆಯ ಬೀರಸಿದ್ದಪ್ಪ ಅದನ್ನೇ ನೋಡುತ್ತ ಕುಳಿತವನಂತೆ ಕುಳಿತಿದ್ದ.

ಬೀರಸಿದ್ದಪ್ಪನ ಎಡಗೈ ಮುಷ್ಟಿ ಕಟ್ಟಿತ್ತು. ವೈದ್ಯರು ಒಂದೊಂದೇ ಬೆರಳು ಬಿಡಿಸಿದರು. ಒಳಗಿದ್ದದ್ದು ಒಂದು ಪೆನ್ನಿನ ಮುಚ್ಚಳ.

ಮುಚ್ಚಳ ಮಾತ್ರ. ಪೆನ್ನು ಇರಲಿಲ್ಲ.

ಅಂಗೈಯಷ್ಟೂ ಉದ್ದವಿಲ್ಲದ ಆ ಮುಚ್ಚಳದ ಮೇಲೆ ಒಬ್ಬ ಕುರುಬ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಹಿಂದೆ ಬೆಳಗಿನ ಕೆಂಪು ಆಕಾಶ. ಕಂಬಳಿಯ ಅಂಚಿನ ಕರಿ-ಬಿಳಿ ಪಟ್ಟಿಗಳನ್ನು ಎಣಿಸಬಹುದಾಗಿತ್ತು. ಮುಚ್ಚಳದ ಅಂಚಿನ ಸುತ್ತ ಸಾಸಿವೆಯಷ್ಟು ಸಣ್ಣ ಅಂಕಿಗಳು: ಇಪ್ಪತ್ತೊಂದರಲ್ಲಿ ಒಂಬತ್ತು. ಅವನು ಕಾಯಬೇಕಾದ ಕುರಿಗಳೆಲ್ಲ ಪೆನ್ನಿನ ಮೈಮೇಲಿದ್ದವು. ಪೆನ್ನು ಇಲ್ಲದೆ ಆ ಕುರುಬ ಬರಿದಾದ ಬಯಲನ್ನು ನೋಡುತ್ತ ನಿಂತಂತೆ ಕಾಣುತ್ತಿದ್ದ.

ಕಟ್ಟೆಯ ಮೇಲೆ ಗೋಕಾಕದ ಕರದಂಟಿನ ಪೊಟ್ಟಣ ಬಿಚ್ಚಿತ್ತು. ಅದರಲ್ಲಿ ಒಂದು ತುಂಡನ್ನು ಯಾರೋ ತಿಂದಿದ್ದರು. ರಾವಸಾಹೇಬರು ಅದನ್ನು ಎರಡು ಸಲ ನೋಡಿದರು. ಬೀರಸಿದ್ದಪ್ಪನ ಬಾಯಲ್ಲಿ ಹಲ್ಲಿಲ್ಲದೆ ನಾಲ್ಕು ವರ್ಷವಾಗಿತ್ತು. ಅಂಟಿನುಂಡೆಯಂಥ ಗಟ್ಟಿ ಕರದಂಟು ಅವನು ತನಗಾಗಿ ಕೊಳ್ಳುವವನಲ್ಲ.

“ಬ್ಯಾರೆ ಯಾರಾದ್ರೂ ಇದ್ದರೇನವ್ವಾ?”

“ನಾ ಬರೂದ್ರಾಗ ಇವರೊಬ್ಬರ ಕುಂತಿದ್ರು ರಿ,” ಎಂದಳು ಶೆಟ್ಟೆವ್ವ. “ಈ ಊರಾಗ ಅವರ ಮಂದಿ ಯಾರೂ ಇಲ್ಲೇನ್ರಿ?”

“ಹೆಂಡತಿ ತವರೂರು ಇದು. ಆದ್ರ ತವರುಮನ್ಯಾಗ ಈಗ ಯಾರೂ ಉಳದಿಲ್ಲ.”

ಸಂಜೆ ಶವದ ಜೊತೆಗೆ ರಾವಸಾಹೇಬರು ಮೂಡಲಗಿಗೆ ಬಂದರು. ಬೀರಸಿದ್ದಪ್ಪನ ಹೆಂಡತಿ ದುಂಡವ್ವ ಹೊಸ್ತಿಲ ಮೇಲೆ ಕುಳಿತಿದ್ದಳು. ಅಳಲಿಲ್ಲ. ಏನಾಯಿತು, ಎಲ್ಲಾಯಿತು ಎಂದು ಕೇಳಲೂ ಇಲ್ಲ. ದುಃಖ ಒಬ್ಬೊಬ್ಬರನ್ನು ಒಂದೊಂದು ರೀತಿ ಕೂರಿಸುತ್ತದೆ ಎಂದುಕೊಂಡು ರಾವಸಾಹೇಬರು ತಲೆ ತಗ್ಗಿಸಿ ಒಳಗೆ ನಡೆದರು.

ಮರುದಿನ ಹುಟ್ಟೂರು ಮಮದಾಪುರದ ಹೊಲದಲ್ಲಿ ಮಣ್ಣು ಕೊಟ್ಟರು. ಭಂಡಾರ ತೂರಿ ಕೈ ಮುಗಿದಾಗ ರಾವಸಾಹೇಬರ ಬಾಯಿಂದ ದೇವರ ನಾಮ ಪೂರ್ತಿ ಹೊರಡಲಿಲ್ಲ.

ಶುಕ್ರವಾರ ಗೋಕಾಕದಿಂದ ಗೊಂಬೆ ಮಾಡುವ ಮುತ್ತಪ್ಪನ ಫೋನು ಬಂತು.

“ಕಾಕಾ, ನನ್ನ ಮಗಳನ್ನ ಕಳ್ಳಿ ಅಂತ ಬರದು ಕೊಟ್ಟಾರ. ನಾಳೆ ಹನ್ನೊಂದಕ್ಕ ಠಾಣೆಕ್ಕ ಬಾ ಅಂದಾರ.”

“ಯಾರು ಬರದು ಕೊಟ್ಟಾರ?”

“ಬೀರಸಿದ್ದಪ್ಪಣ್ಣನ ಮಗಾ ಸುನೀಲ. ಮಂಗಳವಾರ ಮುಂಜಾನೆ ನಮ್ಮ ಕಾಜಲ್ ಗೋಕಾಕಕ್ಕ ಬಂದಿದ್ದ ಅವರನ್ನ ಗಾಡಿ ಮ್ಯಾಲ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದಿದ್ಲು. ಪೆನ್ನು ಆಕಿನ ಹೊಡಕೊಂಡಾಳ ಅಂತ. ಕಾಕಾ, ಮಾಡಿದಾಕಿನ ಕದಿತಾಳೇನ್ರಿ?”

ಆ ರಾತ್ರಿ ರಾವಸಾಹೇಬರು ಹಾಸಿಗೆಯಲ್ಲಿ ಎದ್ದು ಕುಳಿತರು. ಎರಡು ತಿಂಗಳ ಹಿಂದಿನ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂದು ನಿಂತಿತ್ತು.

ಆವತ್ತು ಗೋಕಾಕದ ಮುತ್ತಪ್ಪನ ಕಾರ್ಖಾನೆಗೆ ಗೆಳೆಯರಿಬ್ಬರೂ ಹೋಗಿದ್ದರು. ಕಾರ್ಖಾನೆ ಎಂದರೆ ಒಂದೂವರೆ ಕೋಣೆ. ಕಟ್ಟಿಗೆಯ ಹೊಟ್ಟಿನ ವಾಸನೆ, ಹುಣಸೆಬೀಜದ ಅಂಟಿನ ವಾಸನೆ. ಹಲಗೆಯ ಮೇಲೆ ಬಣ್ಣ ಹಚ್ಚಿದ ಬಾಳೆಹಣ್ಣು, ಸೀತಾಫಲ, ಗೌರಿಯ ಮುಖ. ನಡುವೆ ಒಂದು ಬಿಳಿ ಬಟ್ಟೆಯ ಮೇಲೆ ಇಪ್ಪತ್ತೊಂದು ಪೆನ್ನುಗಳು.

ನಾಲ್ಕು ವರ್ಷ ತಂದೆ-ಮಗಳು ಅದರ ಮೇಲೆ ಕುಳಿತಿದ್ದರು. ಒಳಗೆ ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಕರಿಯ ಕೊಳವೆ, ಹೊರಗೆ ಗೊಂಬೆಯ ಹಗುರ ಕಟ್ಟಿಗೆಯ ತೆಳು ಹೊದಿಕೆ, ಅದರ ಮೇಲೆ ಗೋಕಾಕದ ಬಣ್ಣ, ಬಣ್ಣದ ಮೇಲೆ ಅರಗಿನ ಹೊಳಪು. ಒಂದು ಪೆನ್ನಿನ ಚಿತ್ರ ಇನ್ನೊಂದರ ಮೇಲಿಲ್ಲ. ಇಪ್ಪತ್ತೊಂದೇ ಮಾಡಬೇಕು, ಇಪ್ಪತ್ತೆರಡನೆಯದು ಆಗಬಾರದು ಎಂದು ಕಾಜಲ್ ಮೊದಲೇ ನಿಶ್ಚಯಿಸಿಬಿಟ್ಟಿದ್ದಳು.

“ಯಾಕವ್ವಾ, ಕೈ ಬ್ಯಾಸರಾತೇನ?” ಎಂದು ಬೀರಸಿದ್ದಪ್ಪ ಕೇಳಿದ್ದ.

“ಇಲ್ಲಜ್ಜಾ. ನಾಕ ವರ್ಷದಾಗ ಇಪ್ಪತ್ತೊಂದ ಚಿತ್ರ ಹೊಳದ್ವು. ಹೊಳೀಲಾರದ್ದನ್ನ ಹೆಂಗ ಮಾಡಲಿ?”

ಬೀರಸಿದ್ದಪ್ಪ ಒಂಬತ್ತನೆಯದನ್ನು ಎತ್ತಿಕೊಂಡ. ಮುಚ್ಚಳವನ್ನು ಮೂರೂವರೆ ಸುತ್ತು ತಿರುಗಿಸಿದರೆ ಮಾತ್ರ ಅದು ಬಿಡುತ್ತಿತ್ತು. ಮತ್ತೆ ಮೂರೂವರೆ ಸುತ್ತು ತಿರುಗಿಸಿ ಮುಚ್ಚಿದಾಗ ಕುರುಬನ ಕೋಲಿನ ತುದಿ ಪೆನ್ನಿನ ಮೈಮೇಲಿನ ಮುಂದಿನ ಕುರಿಯ ಬೆನ್ನಿಗೆ ಕೂದಲೆಳೆಯಷ್ಟೂ ಸರಿಯದೆ ಹೋಗಿ ಕೂಡುತ್ತಿತ್ತು. ಅದರ ಹಿಂದೆ ಹೊಳೆಗೆ ಇಳಿಯುವ ಕುರಿಯ ಹಿಂಡು. ಎಲ್ಲಕ್ಕೂ ಹಿಂದೆ ಒಂದು ಕುಂಟು ಮರಿ.

ಬೀರಸಿದ್ದಪ್ಪನ ಕಣ್ಣಲ್ಲಿ ನೀರು ತುಂಬಿತು. “ರಾವಸಾಹೇಬಾ, ನಮ್ಮಪ್ಪ ಆ ಮರೀನ ಹೆಗಲ ಮ್ಯಾಲ ಹೊತಗೊಂಡ ಬರತಿದ್ದ,” ಎಂದ. “ಈ ಹುಡುಗಿ ಎಲ್ಲಿ ನೋಡಿದ್ಲು ಅದನ್ನ?”

ಆಮೇಲೆ ನಿಬ್ಬಿನ ಮಾತು ಬಂತು. ಗೆಳೆಯರಿಬ್ಬರೂ ಖರೀದಿಪತ್ರ, ಆಸ್ತಿ ಹಂಚಿಕೆಯ ವಾಟಣಿಪತ್ರ ಬರೆದು ಬಾಳಿದ ಬಾಂಡ್ ರೈಟರುಗಳು. ಒಬ್ಬ ಹುಕ್ಕೇರಿಯಲ್ಲಿ, ಒಬ್ಬ ಮೂಡಲಗಿಯಲ್ಲಿ. ಕಲಿತದ್ದು ಮಾತ್ರ ಗೋಕಾಕದ ಯಲ್ಲಾರಿ ಮಾಸ್ತರರ ಹತ್ತಿರ. ಮಾಸ್ತರರು ಬಿದಿರಿನ ಲೆಕ್ಕಣಿಕೆಯನ್ನು ತಾವೇ ಓರೆಯಾಗಿ ಕೊಯ್ದು ಬರೆಯುತ್ತಿದ್ದರು. ಎಲ್ಲರ ಪೆನ್ನಿನಲ್ಲಿ ಉದ್ದಗೆರೆ ದಪ್ಪ, ಅಡ್ಡಗೆರೆ ಸಣ್ಣ. ಮಾಸ್ತರರ ಬರಹದಲ್ಲಿ ಅದು ತಿರುಗಾಮುರುಗಾ. ಅಕ್ಷರಗಳ ತಲೆಕಟ್ಟು ದಪ್ಪಗೆ ಬಂದು, ಸಾಲಿನ ತುಂಬ ರುಮಾಲು ಸುತ್ತಿದ ಹಿರಿಯರು ಕುಳಿತಂತೆ ಕಾಣುತ್ತಿತ್ತು.

“ಅಂಥ ಗೆರಿ ಬರತೈತೇನವ್ವಾ ಈ ನಿಬ್ಬಿಗೆ?”

ಕಾಜಲ್ ಇಲ್ಲ ಎನ್ನಲಿಲ್ಲ. ಮೂರು ದಿನ ಎಣ್ಣೆಕಲ್ಲಿನ ಮೇಲೆ ಆ ನಿಬ್ಬನ್ನು ತಿಕ್ಕಿದಳು. ನಾಲ್ಕನೆಯ ದಿನ ಬೀರಸಿದ್ದಪ್ಪ ಭಂಡಾರ ಹಚ್ಚಿ, ಪೆನ್ನಿಗೆ ಕೈಮುಗಿದು, ಹೊಸ ಹಾಳೆಯ ಮೇಲೆ ಮೊದಲು ಶ್ರೀಕಾರ ಬರೆದ. ಕೆಳಗೆ ‘ದುಂಡವ್ವ’ ಎಂದು ಬರೆದ.

ಒದ್ದೆ ಅಕ್ಷರ ಕಿಟಕಿಯ ಬೆಳಕಿಗೆ ಹೊಳೆಯಿತು. ಸತ್ತು ಮೂವತ್ತು ವರ್ಷವಾದ ಮಾಸ್ತರರು ಬಂದು ಹಾಳೆಯ ಮೇಲೆ ಕುಳಿತಂತಾಯಿತು. ನಾಲ್ವರೂ ಹಾಳೆಯ ಮೇಲೆ ಬಾಗಿದರು. ದೇವರ ಎದುರು ದೀಪ ಹಚ್ಚಿದಾಗ ಮನೆಮಂದಿ ಬಾಗುತ್ತಾರಲ್ಲ, ಹಾಗೆ.

ರಾವಸಾಹೇಬರೇ ಮೊದಲು ಬಾಯಿ ಬಿಟ್ಟರು. “ಐವತ್ತ ವರ್ಷದ ಹೆಂಡತಿ ಹೆಸರು ಬರದು ನೋಡ್ತೀಯಲ್ಲೋ. ಮದುವಿ ಹುಡುಗನಂಗ.”

“ನಿನಗೇನ ಗೊತ್ತ? ಆಕಿ ಹೆಸರಿನ್ಯಾಗ ಕೊಂಬ ಐತಿ, ಸೊನ್ನಿ ಐತಿ, ಒತ್ತ ಐತಿ. ಅಷ್ಟ ಬರದ್ರ ನಿಬ್ಬಿನ ಗುಣಾ ಎಲ್ಲಾ ತಿಳೀತಾವ.”

ಅಲ್ಲಿಂದ ಎರಡು ತಿಂಗಳು ಅವನಿಗೆ ಅದೇ ಹಬ್ಬ. ದಿನಾ ಸಂಜೆ ಫೋನು ಮಾಡುತ್ತಿದ್ದ. ಇವತ್ತು ಎರಡು ಹಾಳೆ ಬರೆದೆ, ಇವತ್ತು ಶಾಯಿ ಬದಲಿಸಿದೆ, ಇವತ್ತು ಬರೀ ಮುಚ್ಚಳ ತೆಗೆದು ಹಾಕಿ ಕುಳಿತೆ. ಒಮ್ಮೆ ರಾವಸಾಹೇಬರು ಮೂಡಲಗಿಗೆ ಹೋಗಿ, ಎರಡು ಸಾಲು ಬರೆಯುತ್ತೇನೆ ಕೊಡು ಎಂದಾಗ, ಬೀರಸಿದ್ದಪ್ಪ ಮುಚ್ಚಳ ತಿರುಗಿಸಿ ತೆಗೆದು, ಪೆನ್ನು ಕೊಟ್ಟು, ಮುಚ್ಚಳವನ್ನು ಎಡಗೈಯ ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದ.

ಯಲ್ಲಾರಿ ಮಾಸ್ತರರು ಕಲಿಸಿದ ಮೊದಲ ಪಾಠವೇ ಅದು. ಕಚೇರಿಯ ಮುಂದೆ ಕುಳಿತವನ ಹತ್ತಿರ ದಿನಕ್ಕೆ ನೂರು ಜನ ಸಹಿ ಮಾಡಲು ಪೆನ್ನು ಕೇಳುತ್ತಾರೆ. ಪೆನ್ನು ಕೊಡಬೇಕು, ಮುಚ್ಚಳ ಮಾತ್ರ ಕೈಯಲ್ಲಿಟ್ಟುಕೊಳ್ಳಬೇಕು. ಮುಚ್ಚಳವಿಲ್ಲದ ಪೆನ್ನನ್ನು ಯಾರೂ ಮರೆತು ಕಿಸೆಗೆ ಹಾಕಿಕೊಳ್ಳುವುದಿಲ್ಲ. ಐವತ್ತು ವರ್ಷದ ರೂಢಿ ಅದು. ರಾವಸಾಹೇಬರ ಎಡಗೈ ಈಗಲೂ ನಿದ್ದೆಯಲ್ಲಿ ಹಾಗೆಯೇ ಮುಚ್ಚಿಕೊಳ್ಳುತ್ತದೆ.

ಶನಿವಾರ ಹನ್ನೊಂದಕ್ಕೆ ಮೂಡಲಗಿಯ ಠಾಣೆಯ ಬಾಗಿಲಲ್ಲಿ ಅವರು ಚಪ್ಪಲಿ ಬಿಟ್ಟರು. ಗುಡಿಗೆ ಬಂದವರಂತೆ ಏಕೆ ಬಿಟ್ಟರೋ ಅವರಿಗೇ ತಿಳಿಯಲಿಲ್ಲ.

ಒಳಗೆ ಬೆಂಚಿನ ಮೇಲೆ ಮುತ್ತಪ್ಪ, ಅವನ ಪಕ್ಕದಲ್ಲಿ ಕಾಜಲ್. ಅವಳ ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಒಣಗಿತ್ತು. ಎದುರಿನ ಕುರ್ಚಿಯಲ್ಲಿ ಸುನೀಲ, ತಲೆ ಬೋಳಿಸಿಕೊಂಡು, ಕಾಲು ಕುಣಿಸುತ್ತ. ಸಕ್ಕರೆ ಕಾರ್ಖಾನೆಯ ತೂಕದ ಕಾಟಾದಲ್ಲಿ ನೌಕರಿ ಮಾಡುವವನು ಅವನು. ಮೇಜಿನ ಹಿಂದೆ ಸಬ್ ಇನ್ಸ್‌ಪೆಕ್ಟರ್ ಶೈಲಾ.

“ಬರ್ರಿ ಕಾಕಾ. ಶಾಯಿ ನೋಡಿ ಖೊಟ್ಟಿ ಖರೀದಿಪತ್ರ ಹಿಡದು ಕೊಟ್ಟಾರು ನೀವ ಹೌದಲ್ರಿ? ಕುಂಡ್ರಿ.”

“ಮುಚ್ಚಳ ಎಲ್ಲೈತ್ರಿ?”

ಶೈಲಾ ಪ್ಲಾಸ್ಟಿಕ್ ಚೀಲದಲ್ಲಿದ್ದ ಮುಚ್ಚಳವನ್ನು ಮೇಜಿನ ಮೇಲಿಟ್ಟಳು. ಕುರುಬ ಚೀಲದೊಳಗಿಂದ ಎಲ್ಲರನ್ನೂ ನೋಡಿದ.

“ಇದರಾಗ ನೋಡೂದೇನೈತಿ?” ಎಂದ ಸುನೀಲ. “ಈಕಿ ಪೆನ್ನ ಜಗ್ಗ್ಯಾಳ. ಅಪ್ಪ ಬಿಟ್ಟಿಲ್ಲ. ಮುಚ್ಚಳ ಅವನ ಕೈಯಾಗ ಉಳದೈತಿ. ಆ ಗಾಬರಿಗೇ ಅವನ ಎದಿ ಒಡದೈತಿ.”

“ನಾ ಜಗ್ಗಿಲ್ಲ,” ಎಂದಳು ಕಾಜಲ್, ಅವನ ಕಡೆ ನೋಡದೆ. “ಏಳಕ್ಕ ಬಸ್ಸಿಗೆ ಹತ್ತಿಸಿ ಮನಿಗೆ ಬಂದೆ.”

“ಯಾರ ನೋಡ್ಯಾರ ನೀ ಮನಿಗೆ ಬಂದದ್ದು?”

“ನಮ್ಮಪ್ಪ ಊರಾಗಿದ್ದಿಲ್ಲ. ಯಾರೂ ನೋಡಿಲ್ಲ.”

ರಾವಸಾಹೇಬರು ಕೈ ಚಾಚಿದರು. “ಕಾಜಲ್, ಚೀಲದಾಗ ಬ್ಯಾರೆ ಪೆನ್ನ ಏನಾದ್ರೂ ತಂದೀ ಏನವ್ವಾ?”

ಅವಳು ಹತ್ತನೆಯದನ್ನು ತಂದಿದ್ದಳು. ಗೋಕಾಕದ ಜಲಪಾತ ಮುಚ್ಚಳದಿಂದ ಹೊರಟು ಮೈತುಂಬ ಧುಮುಕುತ್ತಿತ್ತು. ಪೇದೆಗಳಿಬ್ಬರು ಕೆಲಸ ಬಿಟ್ಟು ಎದ್ದು ಬಂದರು. “ನೀರಿನ ಹನಿ ಸೈತ ಕಾಣ್ತಾವಲ್ರಿ,” ಎಂದ ಒಬ್ಬ. ಶೈಲಾ ಕೂಡ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು.

ರಾವಸಾಹೇಬರು ಪೆನ್ನನ್ನು ಅಂಗಿಯ ಕಿಸೆಗೆ ಸಿಕ್ಕಿಸಿಕೊಂಡು, ಮುಚ್ಚಳವನ್ನು ಎಡಗೈಯಿಂದ ಬಿಗಿಯಾಗಿ ಹಿಡಿದರು.

“ಸುನೀಲಾ, ಬಾ. ನಾನ ನಿಮ್ಮಪ್ಪ. ಕಸಗೊ.”

“ಕಾಕಾ, ಹಿಂಗೆಲ್ಲಾ ಯಾಕ?”

“ಕಸಗೋ ಅಂದ್ನೆಲ್ಲಾ. ಮುದುಕ ಅಂತ ಬಿಡಬ್ಯಾಡ.”

ಸುನೀಲ ಬಂದು ಕಿಸೆಯೊಳಗೆ ಕೈ ಹಾಕಿ ಪೆನ್ನಿನ ತಳ ಹಿಡಿದು ಎಳೆದ. ಒಮ್ಮೆ ಎಳೆದ, ಎರಡನೆಯ ಸಲ ಜೋರಾಗಿ ಎಳೆದ. ರಾವಸಾಹೇಬರ ಕಿಸೆಯ ಹೊಲಿಗೆ ಬಿಚ್ಚಿತು. ಪೆನ್ನು ಇಡಿಯಾಗಿ ಅವನ ಕೈಗೆ ಬಂತು.

“ಮುಚ್ಚಳ ಎಲ್ಲೈತಿ?”

ಸುನೀಲ ಕೈ ನೋಡಿಕೊಂಡ. “ಪೆನ್ನಿಗೇ ಐತಿ.”

“ಇನ್ನೊಮ್ಮೆ ಜಗ್ಗತೀಯೇನ? ಸಂಜಿತನಾ ಜಗ್ಗಿದ್ರೂ ಅದು ಪೆನ್ನಿಗೇ ಇರತೈತಿ. ಇದನ್ನ ತಗೀಬೇಕಂದ್ರ ಮೂರೂವರಿ ಸುತ್ತ ತಿರುವಬೇಕು. ಕಳ್ಳಾದಾಕಿ ನಿಂತು ಮೂರೂವರಿ ಸುತ್ತ ತಿರುವಿ, ಮುಚ್ಚಳ ನಿಮ್ಮಪ್ಪಗ ಕೊಟ್ಟು, ಪೆನ್ನ ತೊಗೊಂಡು ಹೋದಳೇನ?”

ಪೇದೆಯೊಬ್ಬ ನಕ್ಕು, ಶೈಲಾಳ ಮುಖ ನೋಡಿ ಸುಮ್ಮನಾದ.

“ನಿಮ್ಮಪ್ಪ ತಾನ ತಿರುವಿ ತಗದಾನ,” ಎಂದರು ರಾವಸಾಹೇಬರು. “ತಗದು ಪೆನ್ನ ಯಾರಿಗೋ ಬರ್ಯಾಕ ಕೊಟ್ಟಾನ. ಅವರು ಬರದು ಮುಗಸೂತನಾ ಮುಚ್ಚಳ ಹಿಡಕೊಂಡು ಕುಂತಾನ. ಅಷ್ಟರಾಗ ದೇವರು ಕರದಾನ. ಕಳವೂ ಅಲ್ಲ, ಕಸಗೊಂಡದ್ದೂ ಅಲ್ಲ. ಅದು ನಮ್ಮ ಕಸಬಿನ ರೂಢಿ.”

ಮುತ್ತಪ್ಪ ಉಸಿರು ಬಿಟ್ಟ ಸದ್ದು ಕೇಳಿಸಿತು.

ಶೈಲಾ ಪೆನ್ಸಿಲ್ಲಿನಿಂದ ಮೇಜು ತಟ್ಟಿದಳು. “ಒಪ್ಪಿದೆ ರಿ. ಆದ್ರ ಕಾಕಾ, ಬರ್ಯಾಕ ಈಕಿಗೇ ಕೊಟ್ಟಿರಬಹುದಲ್ರಿ? ಅವರ ಜೋಡಿ ಇದ್ದಾಕಿ ಈಕಿ ಒಬ್ಬಾಕಿನ. ಅವರು ಹೋದದ್ದ ನೋಡಿ ಪೆನ್ನ ತೊಗೊಂಡು ಓಡಿರಬಹುದು. ಬ್ಯಾರೆ ಯಾರೋ ಇದ್ದರು ಅಂತ ತೋರಸ್ರಿ. ಇಲ್ಲಾಂದ್ರ ನಾನು ಈ ಅರ್ಜಿ ದಾಖಲ ಮಾಡಬೇಕಾಗ್ತೈತಿ.”

ಕಾಜಲ್ ಮೊದಲ ಸಲ ತಲೆ ಎತ್ತಿದಳು. “ನಿನ್ನೆಯಿಂದ ನಾಕ ಮಂದಿ ಪೆನ್ನ ಬ್ಯಾಡ ಅಂದಾರ. ಕಳ್ಳಿ ಕೈಯಾಂದ ತೊಗೊಳ್ಳೂದಿಲ್ಲ ಅಂತ. ಅದಕ್ಕ ನನಗೇನ ಅನಸೂದಿಲ್ಲ. ಆದ್ರ ಅಜ್ಜಾ ನನ್ನ ನಂಬಿ ತೊಗೊಂಡಿದ್ದ. ಅವನ ಹೆಸರ ಜೋಡಿ ನನ್ನ ಹೆಸರ ಹಿಂಗ ಬರಬಾರದು.”

ರಾವಸಾಹೇಬರು ಮೇಜಿನ ಕಡೆ ತಿರುಗಿದರು. ಕೈಗೆ ಏನಾದರೂ ಬೇಕೆಂದು, “ಆ ಅರ್ಜಿ ಇತ್ತ ಕೊಡ್ರಿ, ಓದತೇನಿ,” ಎಂದರು.

ಶೈಲಾ ಕಡತದಿಂದ ಹಾಳೆ ತೆಗೆದುಕೊಟ್ಟಳು.

ಕನ್ನಡಕ ಏರಿಸಿ ನೋಡಿದರು. ಒಂದು ಸಾಲು ಓದಿದರು. ಮುಂದಿನ ಸಾಲನ್ನು ಓದಲಿಲ್ಲ, ಬರೀ ನೋಡಿದರು. ಹಾಳೆಯನ್ನು ಕಿಟಕಿಯ ಕಡೆ ಹಿಡಿದರು. 

ಸಾಲಿನ ತುಂಬ ರುಮಾಲು ಸುತ್ತಿದ ಹಿರಿಯರು ಕುಳಿತಿದ್ದರು.

ಅಡ್ಡಗೆರೆ ದಪ್ಪ, ಉದ್ದಗೆರೆ ಸಣ್ಣ. ಪ್ರತಿ ಅಕ್ಷರವೂ ಯಲ್ಲಾರಿ ಮಾಸ್ತರರ ಅಕ್ಷರ. ನೀಲಿ-ಕಪ್ಪು ಶಾಯಿ. ಪೆನ್ನು ಕಳುವಾಗಿದೆ ಎಂದು ಹೇಳುವ ಹಾಳೆಯನ್ನು ಆ ಪೆನ್ನಿನಿಂದಲೇ ಬರೆಯಲಾಗಿತ್ತು.

 ರಾವಸಾಹೇಬರು ಹಾಳೆಯನ್ನು ಕಾಜಲ್‌ಳ ತೊಡೆಯ ಮೇಲಿಟ್ಟರು.

ಅವಳು ಓದಲಿಲ್ಲ. ಒಂದು ತಲೆಕಟ್ಟಿನ ಮೇಲೆ ಬೆರಳ ತುದಿ ಇಟ್ಟಳು, ಮಗುವಿನ ಹಣೆ ಮುಟ್ಟುವಂತೆ.

“ಇದು ನನ್ನ ಒಂಬತ್ತನೇದು,” ಎಂದಳು. “ಈ ಗೆರಿ ನಾ ತಿಕ್ಕಿದ್ದು. ಇನ್ನೊಮ್ಮೆ ತಿಕ್ಕು ಅಂದ್ರ ನನಗ ಬರೂದಿಲ್ಲ. ಜಗತ್ತಿನ್ಯಾಗ ಇದು ಒಂದ.”

ಶೈಲಾ ಎದ್ದು ನಿಂತಳು. ಹತ್ತನೆಯ ಪೆನ್ನಿನಿಂದ ಕಾಜಲ್ ಅದೇ ಸಾಲನ್ನು ಕೆಳಗೆ ಬರೆದು ತೋರಿಸಿದಳು. ಓದು ಬಾರದವನಿಗೂ ಕಾಣುವಷ್ಟು ಬೇರೆಯಾಗಿತ್ತು.

“ಸುನೀಲ ಅವರ, ಈ ಅರ್ಜಿ ಬರದವರು ಯಾರು?”

ಸುನೀಲನ ಕಾಲು ಕುಣಿಯುವುದು ನಿಂತಿತು. “ಯಾರಂದ್ರ? ಕಾಕಾ ಬರದಾರ. ಅವರ ಅಕ್ಷರ ನನಗ ಗೊತ್ತಿಲ್ಲೇನ್ರಿ? ಅಪ್ಪಂದೂ ಅವರದೂ ಒಂದ ನಮೂನಿ. ನಾ ಬರೇ ಸಹಿ ಮಾಡೀನಿ.”

“ನಾ ಬರದ್ನೆ?”

“ಹೌದ್ರಿ. ಶುಕ್ರವಾರ ಮುಂಜಾನೆ ಅವ್ವ ಕೊಟ್ಲು. ಕಾಕಾ ಬರದಿಟ್ಟು ಹೋಗ್ಯಾರ, ಠಾಣೆಕ್ಕ ಕೊಟ್ಟು ಬಾ ಅಂದ್ಲು. ನೀವ ಅಂದಮ್ಯಾಲ ಖರೇನ ಇರಬೇಕಂತ ನಾ ತಂದು ಕೊಟ್ಟೆ.”



ಯಲ್ಲಾರಿ ಮಾಸ್ತರರ ಅಕ್ಷರ ಬರೆಯುವವರು ಇಬ್ಬರೇ. ಒಬ್ಬ ತಾನು, ಬರೆದಿಲ್ಲ. ಇನ್ನೊಬ್ಬ ಮಂಗಳವಾರ ತೀರಿಕೊಂಡ. ಹಾಳೆಯಲ್ಲಿ ಅವನಿಗೆ ಮಣ್ಣು ಕೊಟ್ಟ ಸಂಗತಿಯೂ ಇದೆ, ಎಂದರೆ ಆಮೇಲೆ ಬರೆದದ್ದು. ಹಾಗಾದರೆ ಮೂರನೆಯವರು ಒಬ್ಬರಿದ್ದಾರೆ.

ರಾವಸಾಹೇಬರು ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡರು. ಈಗ ಕಂಡಿತು. ಪ್ರತಿ ಅಕ್ಷರದ ಮೊದಲಲ್ಲಿ ಶಾಯಿಯ ಒಂದು ಸಣ್ಣ ಚುಕ್ಕೆ. ಬರೆಯುವವರು ನಿಬ್ಬನ್ನು ಊರಿ, ನಿಂತು, ನೆನಪು ಮಾಡಿಕೊಂಡು, ಆಮೇಲೆ ಎಳೆದಿದ್ದಾರೆ. ಇದು ಬರೆದು ರೂಢಿಯಾದ ಕೈಯಲ್ಲ. ರಂಗೋಲಿ ಹಾಕಿದಂತೆ, ನೋಡಿ ನೋಡಿ ತಿದ್ದಿದ ಕೈ. ಇತ್ತೀಚೆಗೆ ಕಲಿತ ಕೈ. ಒಬ್ಬನೇ ಗುರುವಿನ ಹತ್ತಿರ, ಒಂದೇ ಪೆನ್ನಿನಿಂದ ಕಲಿತ ಕೈ.

ಮೂರು ದಸ್ತಾವೇಜುಗಳಿಗೆ ದುಂಡವ್ವನ ಎಡಗೈ ಹೆಬ್ಬೆರಳಿಗೆ ಶಾಯಿ ಹಚ್ಚಿದವರು ಅವರೇ. ಶಾಲೆಯ ಮೆಟ್ಟಿಲು ಹತ್ತದವಳು ಎಂದು ಸಾಕ್ಷಿ ಹಾಕಿದವರೂ ಅವರೇ. ಅಂಥವಳಿಗೆ ಬೀರಸಿದ್ದಪ್ಪ ಈ ಎರಡು ತಿಂಗಳಲ್ಲಿ ಅಕ್ಷರ ಕಲಿಸಿದ್ದ.

ಹೊಸ್ತಿಲ ಮೇಲೆ ಕುಳಿತ ಆ ಮುಖ ನೆನಪಾಯಿತು. ಎಲ್ಲಾಯಿತು ಎಂದು ಅವಳು ಕೇಳದೆ ಇದ್ದದ್ದು ದುಃಖದಿಂದಲ್ಲ. ಅವಳಿಗೆ ಗೊತ್ತಿತ್ತು. ಕಟ್ಟೆಯ ಮೇಲೆ ಅವನ ಪಕ್ಕ ಕುಳಿತು ಕರದಂಟು ತಿಂದವಳು, ಪೆನ್ನು ಹಿಡಿದವಳು ಅವಳೇ.

“ಸುನೀಲಾ,” ಎಂದರು ಮೆಲ್ಲಗೆ. “ಮಂಗಳವಾರ ನಿಮ್ಮವ್ವ ಎಲ್ಲಿದ್ಲು?”

“ಮಮದಾಪುರಕ್ಕ ದೇವರಿಗೆ ಹೋಗಿದ್ಲು. ಒಬ್ಬಾಕಿನ. ನಾಕಕ್ಕ ಬಂದ್ಲು.”

ಶೈಲಾ ಮೇಜು ದಾಟಿ ಅವರ ಎದುರಿಗೆ ಬಂದಳು. “ಕಾಕಾ, ಒಂದ ಮಾತ ಹೇಳ್ರಿ. ಇದು ನಿಮ್ಮ ಅಕ್ಷರ ಹೌದೋ ಅಲ್ಲೋ?”

ಹೌದು ಎಂದುಬಿಟ್ಟರೆ ಗೆಳೆಯನ ಮನೆ ಉಳಿಯುತ್ತದೆ. ಅಲ್ಲ ಎಂದರೆ ಈ ಹುಡುಗಿ ಉಳಿಯುತ್ತಾಳೆ, ಮತ್ತು ಪೊಲೀಸ್ ಜೀಪು ಸೂತಕದ ಮನೆಯ ಅಂಗಳಕ್ಕೆ ಹೋಗಿ ನಿಲ್ಲುತ್ತದೆ. ಐವತ್ತು ವರ್ಷ ಅವರು ಯಾರ ಪರವಾಗಿಯೂ ಸುಳ್ಳು ಬರೆದವರಲ್ಲ. ಬರೆಯಿರಿ ಎಂದು ಕೈ ಹಿಡಿದವರಿದ್ದರು, ಕಾಲು ಹಿಡಿದವರಿದ್ದರು. ಆಗ ಇಷ್ಟು ಕಷ್ಟವಾಗಿರಲಿಲ್ಲ.

ಬೆಂಚಿನ ಮೇಲೆ ಮುತ್ತಪ್ಪ ಮಗಳ ಕೈ ಹಿಡಿದುಕೊಂಡು ಕುಳಿತಿದ್ದ.

“ಅಲ್ರಿ,” ಎಂದರು ರಾವಸಾಹೇಬರು. “ನನ್ನ ಅಕ್ಷರ ಅಲ್ಲ. ಈ ಹುಡುಗಿ ಪೆನ್ನ ಮುಟ್ಟಿಲ್ಲ. ಮಂಗಳವಾರ ಬೀರಸಿದ್ದನ ಬಾಜೂ ಕುಂತು ಬರದ ಕೈ ಇದು. ಈ ಹುಡುಗೀನ ಮನಿಗೆ ಕಳಸ್ರಿ.”

 ಶೈಲಾ ಕಾಜಲ್‌ಳ ಕಡೆ ತಿರುಗಿ, “ನೀ ಹೋಗವಾ,” ಎಂದಳು. ಟೊಪ್ಪಿಗೆ ಎತ್ತಿಕೊಂಡು, “ಸುನೀಲ ಅವರ, ನಡೀರಿ. ನಿಮ್ಮ ತಾಯಾರ ಹತ್ತರ ಒಂದೆರಡ ಮಾತ ಕೇಳೂದೈತಿ.”

ಸುನೀಲ ಬಿಳುಚಿಕೊಂಡಿದ್ದ. ಮನೆಗೆ ಫೋನು ಹಚ್ಚಿದ. ಅವನ ಹೆಂಡತಿ ವಿದ್ಯಾ ಎತ್ತಿದಳು. ಅವಳ ದನಿ ಎಷ್ಟು ಗಟ್ಟಿಯಾಗಿತ್ತೆಂದರೆ ರಾವಸಾಹೇಬರಿಗೂ ಕೇಳಿಸಿತು.

“ನಾನ ನಿಮಗ ಹಚ್ಚಾಕತ್ತಿದ್ದೆ ರಿ. ಅತ್ತಿ ಮನ್ಯಾಗ ಇಲ್ಲ. ಸೂತಕದಾಗ ಹೊಸ್ತಲಾ ದಾಟಬ್ಯಾಡ ಅಂದ್ರೂ ಕೇಳಿಲ್ಲ. ದಡ್ಡಿ ಕಡೆ ಹೋಗೂ ಬಸ್ಸ ಹತ್ತಿದ್ದು ಬಾಜೂ ಮನಿಯಾರು ನೋಡ್ಯಾರ.”

“ಯಾವಾಗ?”

“ಎಂಟಕ್ಕ. ಕೊಳ್ಳಾಗಿನ ತಾಳಿ, ಕೈಯಾಗಿನ ಬಳಿ ಎಲ್ಲಾ ದೇವರ ಜಗಲಿ ಮ್ಯಾಲ ತಗದಿಟ್ಟು ಹೋಗ್ಯಾರ ರಿ.”

ಶೈಲಾ ಆಗಲೇ ಜೀಪಿನ ಕಡೆ ಓಡುತ್ತಿದ್ದಳು. ದಡ್ಡಿಯ ಠಾಣೆಗೆ ತಿಳಿಸಿ, ಹೊಳೆಯ ದಂಡೆಗೆ ಜನ ಕಳಿಸಿ ಎಂದು ಫೋನಿನಲ್ಲಿ ಹೇಳುತ್ತಿದ್ದಳು. ಸುನೀಲ ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಹಿಂದೆ ಹತ್ತಿದ. ರಾವಸಾಹೇಬರನ್ನು ಪೇದೆಯೊಬ್ಬ ಕೈಹಿಡಿದು ಹತ್ತಿಸಿದ.

ಗಡಿಯಾರದಲ್ಲಿ ಹನ್ನೆರಡಾಗಿತ್ತು. ಎಂಟರ ಬಸ್ಸು ಯಾವಾಗಲೋ ಮುಟ್ಟಿರುತ್ತದೆ.

ಕಬ್ಬಿನ ಗದ್ದೆಗಳು ಎರಡೂ ಬದಿಯಲ್ಲಿ ಹಿಂದಕ್ಕೆ ಓಡತೊಡಗಿದವು. ರಾವಸಾಹೇಬರು ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿದರು. ಮೂರು ದಿನಗಳಿಂದ ಬಾಯಲ್ಲೇ ನಿಂತಿದ್ದ ದೇವರ ನಾಮ ಈಗ ತಡವರಿಸದೆ ಬಂತು.

ಬೀರದೇವರೇ, ಅವನು ನಿನ್ನ ಹಟ್ಟಿಯ ಮಗ. ಬಾಳಿನುದ್ದಕ್ಕೂ ಪರರ ಮಾತನ್ನು ಪರರಿಗಾಗಿ ನೆಟ್ಟಗೆ ಬರೆದ. ಕೊನೆಗಾಲದಲ್ಲಿ ತನ್ನವಳ ಕೈಗೆ ಅಕ್ಷರ ಕೊಟ್ಟು ಹೋದ. ಅದರಿಂದ ಕೇಡಾಗಿದ್ದರೆ ಅದು ಅವನ ತಪ್ಪಲ್ಲ. ಅವಳು ಅವನನ್ನು ಬಿಟ್ಟು ಏಕೆ ಬಂದಳೋ, ಆ ಹುಡುಗಿಯ ಮೇಲೆ ಏಕೆ ಹಾಗೆ ಬರೆದಳೋ ನಾನು ಅರಿಯೆ, ನೀನು ಬಲ್ಲೆ. ಇವತ್ತು ಹೊಳೆಯ ದಂಡೆಯಲ್ಲಿ ಅವಳನ್ನು ತಡೆದು ನಿಲ್ಲಿಸು. ನನ್ನ ಗೆಳೆಯನನ್ನು ನಿನ್ನ ನೆರಳಲ್ಲಿ ಕೂರಿಸಿಕೋ, ಈ ಜೀಪಿನ ಸದ್ದು, ಈ ಠಾಣೆಯ ಮಾತು ಅವನ ಕಿವಿಗೆ ಬೀಳದಿರಲಿ. ಬೀರಸಿದ್ದನ ಆತ್ಮಕ್ಕೆ ಶಾಂತಿ ಕೊಡು, ತಂದೆ. ಶಾಂತಿ ಕೊಡು.